ಮುಂದೆ ಅರಮನೆ, ಹಿಂದೆ ಅವರವರ ಮನೆ

ಹೋದ ಸಂಚಿಕೆಯಲ್ಲಿ ಲಂಡನ್ನಿನ ಹಳೆಯ ಸಾಲುಮನೆಗಳ ವಿಷಯ ಎರಡೇ ಪ್ಯಾರಾ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲದ ಅಂಕಣವನ್ನು ನುಂಗಿವೆ. ಇಪ್ಪತ್ತೆರಡು ವರ್ಷ ಆ ಊರಲ್ಲಿ ಅಂಥ ಮನೆಗಳ ಗೋಡೆಗೆ ಟೇಪು ಹಿಡಿದು, ಅಟ್ಟ ಹತ್ತಿ, ನೆಲಮಾಳಿಗೆಯ ತೇವ ಮೂಸಿ ಸಂಬಳ ಎಣಿಸಿದವನು ನಾನು. ಮಾತು ಉದ್ದವಾದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮಗ ಲಂಡನ್ನಿನಲ್ಲಿ ‘ಜಾರ್ಜಿಯನ್ ಟೆರೇಸ್ ಹೌಸ್’ನಲ್ಲಿ ಬಾಡಿಗೆಗಿದ್ದಾನೆ. ಕಳಿಸಿದ ಫೋಟೊದಲ್ಲಿ ಎಷ್ಟು ಹುಡುಕಿದರೂ ಟೆರೇಸ್ ಕಾಣಲಿಲ್ಲ. ಇದಕ್ಕೂ ಜಾರ್ಜಿಯಾ ದೇಶಕ್ಕೂ ಏನು ಸಂಬಂಧ? (ಒಬ್ಬ ಗೃಹಿಣಿ)

ತಾಯಿ, ಟೆರೇಸ್ ಅಂದರೆ ನಮಗೆ ಬಟ್ಟೆ ಒಣಗಿಸುವ ತಾರಸಿ. ಅವರ ಬಾಯಲ್ಲಿ ಅದು ಒಂದಕ್ಕೊಂದು ಅಂಟಿಕೊಂಡು ನಿಂತ ಮನೆಗಳ ಸಾಲು. ಅಕ್ಕಪಕ್ಕದ ಎರಡು ಮನೆಗೆ ನಡುಗೋಡೆ ಒಂದೇ. ನಮ್ಮ ವಠಾರವನ್ನು ನಾಲ್ಕು ಅಂತಸ್ತು ಎತ್ತರಿಸಿ, ಪ್ರತಿ ಮನೆಗೂ ಬೀದಿಗೆ ತನ್ನದೇ ಬಾಗಿಲು ಕೊಟ್ಟರೆ ಹೇಗೋ ಹಾಗೆ. ಜಾರ್ಜಿಯಾ ದೇಶಕ್ಕೂ ಇದಕ್ಕೂ ನಂಟಿಲ್ಲ. 1714ರಿಂದ 1830ರವರೆಗೆ ಬ್ರಿಟನ್ನಿನಲ್ಲಿ ಸಾಲಾಗಿ ನಾಲ್ವರು ರಾಜರು, ನಾಲ್ವರ ಹೆಸರೂ ಜಾರ್ಜ್. ಆ ಕಾಲದ ಮನೆಗೆಲ್ಲ ಆ ಹೆಸರು ಅಂಟಿತು.

ತಾರಸಿ ಇಲ್ಲ ಅಂದಿರಲ್ಲ, ಚಾವಣಿಯೇ ಕಾಣದಿರುವುದಕ್ಕೂ ಕಾರಣವಿದೆ. 1707ರ ಒಂದು ಕಾನೂನು ಲಂಡನ್ನಿನಲ್ಲಿ ಹೊರಚಾಚಿದ ಮರದ ಸೂರನ್ನು ನಿಷೇಧಿಸಿತು, ಬೆಂಕಿ ಸೂರಿನಿಂದ ಸೂರಿಗೆ ಹಾರುತ್ತದೆಂದು. ಮುಂಗೋಡೆಯನ್ನೇ ಚಾವಣಿಗಿಂತ ಮೇಲಕ್ಕೆ ಎಬ್ಬಿಸಿ ಪ್ಯಾರಪೆಟ್ ಕಟ್ಟಿದರು. ಅದರ ಹಿಂದೆ ಅವಿತಿರುವ ಚಾವಣಿ ಎಷ್ಟೋ ಮನೆಗಳಲ್ಲಿ ತೆರೆದಿಟ್ಟ ಪುಸ್ತಕದಂತೆ ಎರಡೂ ಕಡೆಯಿಂದ ನಡುವಿಗೆ ಇಳಿಯುತ್ತದೆ. ನಡುವಿನ ಸೀಸದ ದೋಣಿಯಲ್ಲಿ ನೀರು ಹಿಂದಕ್ಕೆ ಹರಿಯಬೇಕು. ಒಂದು ಸತ್ತ ಪಾರಿವಾಳ ಅಡ್ಡ ಬಿದ್ದರೆ ಆ ನೀರು ಮಲಗುವ ಕೋಣೆಗೆ ಹರಿಯುತ್ತದೆ. ಮಗನಿಗೆ ಹೇಳಿ, ಎಲೆ ಉದುರುವ ಕಾಲ ಮುಗಿದೊಡನೆ ಮನೆ ಮಾಲೀಕನಿಗೆ ದೋಣಿಯ ನೆನಪು ಮಾಡಲಿ.

ಪ್ರಶ್ನೆ: ನಾನು ನಿವೃತ್ತ ಕಟ್ಟಡ ಗುತ್ತಿಗೆದಾರ. ಇಡೀ ಬೀದಿ ಒಂದೇ ಅಚ್ಚಿನಲ್ಲಿದೆ. ಎಲ್ಲದಕ್ಕೂ ಒಬ್ಬನೇ ಆರ್ಕಿಟೆಕ್ಟ್ ಇದ್ದನೆ? ಇಷ್ಟು ಮನೆಗೆ ದುಡ್ಡು ಹಾಕಿದವರು ಯಾರು?

ನಿಮ್ಮ ಕಸುಬಿನವರೇ ಹಾಕಿದರು ಸಾರ್. ಆರ್ಕಿಟೆಕ್ಟ್ ಬಹುತೇಕ ಬೀದಿಗಳಲ್ಲಿ ಇರಲೇ ಇಲ್ಲ.

1666ರ ಮಹಾ ಬೆಂಕಿಯಲ್ಲಿ ಮರದ ಲಂಡನ್ ಸುಟ್ಟುಹೋಯಿತು. ಮರುವರ್ಷವೇ ಕಾನೂನು ಬಂತು: ಗೋಡೆ ಇಟ್ಟಿಗೆ ಅಥವಾ ಕಲ್ಲಿನದೇ ಆಗಬೇಕು, ಯಾವ ಬೀದಿಯಲ್ಲಿ ಎಷ್ಟು ಅಂತಸ್ತು, ಗೋಡೆ ಎಷ್ಟು ದಪ್ಪ, ಎಲ್ಲವೂ ಲೆಕ್ಕ. ಅಚ್ಚು ಅಲ್ಲೇ ತಯಾರಾಯಿತು. ನಿಕೊಲಸ್ ಬಾರ್ಬನ್ ಎಂಬ ಚಾಲಾಕಿ ಆಗಲೇ ಹಳೆಯ ಬಂಗಲೆಗಳ ಜಾಗ ಹಿಡಿದು, ಸೈಟು ಸೈಟಾಗಿ ಸೀಳಿ, ಸಾಲುಮನೆ ಎಬ್ಬಿಸಿ ಮಾರುವ ದಾರಿ ತೋರಿಸಿಕೊಟ್ಟ.

ಜಾರ್ಜ್‌ಗಳ ಕಾಲಕ್ಕೆ ಅದೇ ಪದ್ಧತಿಯಾಯಿತು. ಜಮೀನು ಶ್ರೀಮಂತ ಮನೆತನಗಳದ್ದು. ಗ್ರೋವ್ನರ್ ಮನೆತನಕ್ಕೆ ಲಂಡನ್ನಿನ ಮೇಫೇರ್ ಪ್ರದೇಶ ಸಿಕ್ಕಿದ್ದು 1677ರಲ್ಲಿ, ಹನ್ನೆರಡು ವರ್ಷದ ಹುಡುಗಿಯನ್ನು ಮದುವೆ ಮಾಡಿಕೊಂಡು ಬಂದ ಆಸ್ತಿಯಾಗಿ. ಆಗ ಅದು ಬರೀ ಗದ್ದೆ, ಹುಲ್ಲುಗಾವಲು. ಜಮೀನ್ದಾರ ಭೂಮಿ ಮಾರುವುದಿಲ್ಲ, ಕಟ್ಟುವವನಿಗೆ ಗುತ್ತಿಗೆ ಕೊಡುತ್ತಾನೆ. ಬರಬರುತ್ತಾ 99 ವರ್ಷದ ಗುತ್ತಿಗೆಯೇ ರೂಢಿಯಾಯಿತು. ಕಟ್ಟುವ ಮೊದಲ ಒಂದೆರಡು ವರ್ಷ ನೆಲಬಾಡಿಗೆ ಏನು ಗೊತ್ತೆ? ಒಂದು ಕಾಳುಮೆಣಸು! ಕಾಗದದ ಮೇಲೆ ಬಾಡಿಗೆ ಅಂತ ಏನಾದರೂ ಇರಬೇಕಲ್ಲ, ಅದಕ್ಕೆ. ಅಷ್ಟರಲ್ಲಿ ಗೋಡೆ ಎದ್ದು, ಚಾವಣಿ ಕೂತು, ಗಿರಾಕಿ ಸಿಕ್ಕಿರಬೇಕು. ಒಳಗಿನ ಗಾರೆ, ಹಲಗೆ ಕೆಲಸ ಎಷ್ಟೋ ಸಲ ಗಿರಾಕಿ ಬಂದ ಮೇಲೆಯೇ. ಗುತ್ತಿಗೆ ಮುಗಿದ ದಿನ ಮನೆಯೂ ನೆಲವೂ ಜಮೀನ್ದಾರನ ವಂಶಕ್ಕೆ ವಾಪಸು.

ಕಟ್ಟುವವರಾದರೂ ಯಾರು? ಇಟ್ಟಿಗೆ ಮೇಸ್ತ್ರಿ, ಬಡಗಿ, ಗಾರೆಯವನು, ಸೀಸದ ಕೆಲಸದವನು. ತಲಾ ಎರಡೋ ಮೂರೋ ಸೈಟು ಹಿಡಿಯುತ್ತಿದ್ದರು. ಕೈಯಲ್ಲಿ ಕಾಸಿಲ್ಲ. ನಮ್ಮ ಹಳ್ಳಿಗಳ ಮುಯ್ಯಾಳು ನೆನಪಿದೆಯಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು? ಥೇಟ್ ಅದೇ. ಮೇಸ್ತ್ರಿ ಬಡಗಿಯ ಮನೆಗೆ ಗೋಡೆ ಎತ್ತಿದರೆ, ಬಡಗಿ ಮೇಸ್ತ್ರಿಯ ಮನೆಗೆ ಮೆಟ್ಟಿಲು, ಬಾಗಿಲು, ಕಿಟಕಿ ಕೂರಿಸುವನು. ನಕ್ಷೆ, ಅಳತೆ ಎಲ್ಲಾ ಅಚ್ಚಾದ ಮಾದರಿ ಪುಸ್ತಕಗಳಲ್ಲಿ ಸಿಗುತ್ತಿತ್ತು.

1774ರ ಕಾನೂನು ಇದನ್ನೆಲ್ಲ ಇನ್ನೂ ಬಿಗಿ ಮಾಡಿತು. ಮನೆಗಳಿಗೆ ದರ್ಜೆ ಬಂತು. 850 ಪೌಂಡಿಗಿಂತ ಹೆಚ್ಚು ಬೆಲೆಯ, 900 ಚದರ ಅಡಿಗಿಂತ ಹೆಚ್ಚು ತಳದ ಮನೆ ಮೊದಲ ದರ್ಜೆ. 150 ಪೌಂಡಿಗಿಂತ ಕೆಳಗಿನದು, 350 ಚದರ ಅಡಿಯೊಳಗಿನದು ನಾಲ್ಕನೆಯದು. ದರ್ಜೆ ಗೊತ್ತಾದರೆ ಗೋಡೆ, ಪಾಯದ ದಪ್ಪ ತಾನಾಗಿ ಗೊತ್ತಾಗುತ್ತದೆ. ನಾನು ಅಳೆದ ಮನೆಗಳಲ್ಲಿ ಎಷ್ಟೋ ಮೂರನೇ ದರ್ಜೆಯವು. ಮನೆಯವರಿಗೆ ಅದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಎಲ್ಲರೂ ಗೆದ್ದರೆಂದೇನೂ ಅಲ್ಲ. ಹೆಸರಾಂತ ಆ್ಯಡಂ ಸೋದರರು ಥೇಮ್ಸ್ ದಂಡೆಯಲ್ಲಿ ಅಡೆಲ್ಫಿ ಎಂಬ ಭಾರಿ ಸಾಲು ಕಟ್ಟಲು ಹೋಗಿ, 1772ರಲ್ಲಿ ಬ್ಯಾಂಕುಗಳು ಮುಳುಗಿದಾಗ ಕೈಸುಟ್ಟುಕೊಂಡರು. ಕೊನೆಗೆ ಪಾರ್ಲಿಮೆಂಟಿನ ಒಪ್ಪಿಗೆ ಪಡೆದು 1774ರಲ್ಲಿ ತಾವೇ ಲಾಟರಿ ನಡೆಸಿ ಬಚಾವಾದರು.

ಪ್ರಶ್ನೆ: ಕಿಟಕಿಗೂ ತೆರಿಗೆ ಇತ್ತಂತೆ, ಅದಕ್ಕೇ ಅಲ್ಲಲ್ಲಿ ಕಿಟಕಿ ಮುಚ್ಚಿ ಇಟ್ಟಿಗೆ ಕಟ್ಟಿದ್ದಾರಂತೆ. ನಿಜವೆ? (ಪಿಯುಸಿ ವಿದ್ಯಾರ್ಥಿನಿ)

ತೆರಿಗೆ ನಿಜ ಮಗಳೇ. 1696ರಲ್ಲಿ ಶುರುವಾಗಿ 1851ರಲ್ಲಿ ಹೋಯಿತು. ಗಾಜಿಗೆ ಬೇರೆ ಸುಂಕ, ಅದು 1845ರವರೆಗೆ. ಇಟ್ಟಿಗೆಗೂ 1784ರಿಂದ 1850ರವರೆಗೆ. ಇಟ್ಟಿಗೆ ಸುಂಕ ಸಾವಿರದ ಎಣಿಕೆಯ ಮೇಲೆ ಅಂದಾಗ ಗೂಡಿನವರು ಇಟ್ಟಿಗೆಯನ್ನೇ ದಪ್ಪ ಮಾಡಿದರು. ಸರ್ಕಾರ ದಪ್ಪ ಇಟ್ಟಿಗೆಗೆ ಎರಡು ಪಟ್ಟು ಹೇರಿತು. ಚಾಪೆ ಕೆಳಗೆ ಒಬ್ಬ, ರಂಗೋಲಿ ಕೆಳಗೆ ಇನ್ನೊಬ್ಬ.

ಆದರೆ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ ಗೈಡುಗಳು ತೆರಿಗೆಯ ಕಥೆ ಹೊಡೆಯುತ್ತಾರೆ, ನಂಬಬೇಡ. ಎಷ್ಟೋ ಕಿಟಕಿಗಳು ಹುಟ್ಟುಕುರುಡು. ಒಳಗೆ ಆ ಜಾಗದಲ್ಲಿ ಹೊಗೆಗೂಡೋ ನಡುಗೋಡೆಯೋ ಇರುತ್ತದೆ, ಹೊರಗೆ ಸಾಲು ಕೆಡಬಾರದೆಂದು ಕಿಟಕಿಯ ಆಕಾರ ಮಾತ್ರ ತೆಗೆದಿರುತ್ತಾರೆ. ಹತ್ತಿರ ಹೋಗಿ ಅಂಚು ನೋಡು. ಒಳಗಿನ ಇಟ್ಟಿಗೆ ಗೋಡೆಯ ಇಟ್ಟಿಗೆಯೊಂದಿಗೆ ಹಲ್ಲು ಕಚ್ಚಿಕೊಂಡಿದ್ದರೆ ಅದು ಕಟ್ಟುವಾಗಲೇ ಮುಚ್ಚಿದ್ದು. ಸುತ್ತಲೂ ನೇರ ಗೆರೆ ಬಿಟ್ಟಿದ್ದರೆ ಆಮೇಲೆ ಯಾರೋ ಮುಚ್ಚಿದ್ದು.

ಈ ಮನೆಗಳ ಕಿಟಕಿ ಬಗ್ಗೆ ಕೇಳಿದೆ ಎಂದಮೇಲೆ ಒಂದು ವಿಷಯ ಹೇಳದೆ ಬಿಡಲಾರೆ. ಅದು ರೆಕ್ಕೆ ತೆರೆಯುವ ಕಿಟಕಿ ಅಲ್ಲ, ಮೇಲೆ ಕೆಳಗೆ ಜಾರುವುದು. ಎರಡು ಪಕ್ಕದ ಚೌಕಟ್ಟೂ ಟೊಳ್ಳು ಪೆಟ್ಟಿಗೆ. ಒಳಗೆ ಸೀಸದ್ದೋ ಎರಕದ ಕಬ್ಬಿಣದ್ದೋ ಗುಂಡು ತೂಗುತ್ತದೆ. ಅದಕ್ಕೊಂದು ಹಗ್ಗ, ಹಗ್ಗಕ್ಕೊಂದು ಪುಟ್ಟ ರಾಟೆ. ಗುಂಡಿನ ತೂಕವೂ ಕಿಟಕಿಯ ತೂಕವೂ ಸರಿದೂಗಿದರೆ ಎರಡು ಬೆರಳಲ್ಲಿ ಎತ್ತಬಹುದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. 1709ರ ಕಾನೂನು ಈ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಗೆ ತಳ್ಳಿಸಿತು. 1774ರದು ಪೆಟ್ಟಿಗೆಯನ್ನೇ ಇಟ್ಟಿಗೆಯ ಹಿಂದೆ ಅಡಗಿಸಿತು. ಎರಡೂ ಬೆಂಕಿಯ ಭಯಕ್ಕೆ. ಬೀದಿಯಲ್ಲಿ ನಿಂತಾಗ ಮರ ಎಷ್ಟು ಕಾಣುತ್ತದೆ ಎಂಬುದರಿಂದಲೇ ನಾನು ಮನೆಯ ವಯಸ್ಸು ಅಂದಾಜು ಮಾಡುತ್ತಿದ್ದೆ. ಕಾನೂನು ಲಂಡನ್ನಿಗೆ ಮಾತ್ರ, ಬೇರೆ ಊರುಗಳು ಅದನ್ನು ಫ್ಯಾಷನ್ ಅಂತ ತಡವಾಗಿ ಹಿಡಿದವು.

ಗಾಜೂ ಬೇರೆಯೇ. ಊದಿದ ಗುಂಡನ್ನು ಕೋಲಿಗೆ ಹಾಕಿ ಗಿರಗಿರ ತಿರುಗಿಸಿದರೆ ಅದು ತಟ್ಟೆಯಂತೆ ಅರಳುತ್ತದೆ. ಆ ತಟ್ಟೆಯಿಂದ ಕತ್ತರಿಸಿದ ತುಂಡುಗಳು. ದೊಡ್ಡ ಹಾಳೆ ಸಿಗುವುದಿಲ್ಲ, ಅದಕ್ಕೇ ಮೇಲೆ ಆರು ಕೆಳಗೆ ಆರು ಸಣ್ಣ ಚೌಕ. ಪ್ರತಿ ತುಂಡಿಗೂ ತುಸು ಉಬ್ಬು ಇರುತ್ತದೆ, ಎದುರಿನ ಮರದ ನೆರಳು ಅದರಲ್ಲಿ ನೀರಿನಲ್ಲಿ ಬಿದ್ದಂತೆ ಅಲುಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ ಇಸ್ಲಿಂಗ್ಟನ್ನಿನ ಒಂದು ಮನೆಯಲ್ಲಿ ಬಣ್ಣ ಮೆತ್ತಿ ಅಂಟಿಹೋಗಿದ್ದ ಕಿಟಕಿಯನ್ನು ನಾನು ಅಂಗೈಯಿಂದ ಗುದ್ದಿದೆ. ಕೆಳಗಿನ ಸಾಲಿನ ಎಡ ಚೌಕ ಚೂರಾಯಿತು. ಅದಕ್ಕೆ ಹೊಸ ಗಾಜು ಹಾಕಿಸಿದರು. ಹತ್ತು ವರ್ಷದ ನಂತರ ಆ ಬೀದಿಯಲ್ಲಿ ಹೋಗುವಾಗ ಕತ್ತೆತ್ತಿ ನೋಡಿದೆ: ಹನ್ನೊಂದು ಚೌಕದಲ್ಲಿ ಆಕಾಶ ಅಲುಗುತ್ತಿತ್ತು, ಒಂದರಲ್ಲಿ ಸತ್ತು ಬಿದ್ದಿತ್ತು.

ಪ್ರಶ್ನೆ: ಯಾವ ಮಹಡಿಯಲ್ಲಿ ಯಾರಿದ್ದರು? ಮುಂದೆ ಬಾಗಿಲಿಗೂ ರಸ್ತೆಗೂ ನಡುವೆ ಹಳ್ಳ ಯಾಕೆ?

ಆ ಹಳ್ಳವನ್ನು ಅವರು ‘ಏರಿಯಾ’ ಎನ್ನುತ್ತಾರೆ. ಹೊಸದರಲ್ಲಿ ಯಾರೋ “ಏರಿಯಾದಲ್ಲಿ ನೀರು ನಿಂತಿದೆ, ನೋಡಿ ಬಾ” ಎಂದಾಗ ನಾನು ಇಡೀ ಬಡಾವಣೆ ಸುತ್ತಿ ಬಂದಿದ್ದೆ.

ಸಂಗತಿ ಹೀಗಿದೆ. ಪಾಯಕ್ಕೆ ಅಗೆದ ಮಣ್ಣನ್ನು ದೂರ ಸಾಗಿಸಿದರೆ ಗಾಡಿ ಖರ್ಚು. ಅದನ್ನೇ ಮುಂದೆ ಸುರಿದು ರಸ್ತೆ ಎತ್ತರಿಸಿದರು. ಹಾಗಾಗಿ ಮುಂದಿನಿಂದ ನೋಡಿದರೆ ಅಡುಗೆಮನೆ ನೆಲದೊಳಗೆ, ಹಿತ್ತಲಿಂದ ನೋಡಿದರೆ ಹೆಚ್ಚುಕಡಿಮೆ ನೆಲಮಟ್ಟದಲ್ಲಿ. ಊರಿನ ಅಸಲಿ ನೆಲ ಹಿತ್ತಲಲ್ಲಿದೆ, ಬೀದಿಯಲ್ಲಿ ನೀವು ನಡೆಯುವುದು ಮಣ್ಣು ತುಂಬಿದ ದಿಬ್ಬದ ಮೇಲೆ. ನೆಲಮಾಳಿಗೆಯ ಅಡುಗೆಮನೆಗೆ ಬೆಳಕು, ಗಾಳಿ ಬರಲೆಂದು ಮುಂದೆ ಆ ಹಳ್ಳ, ಜನ ಬೀಳದಂತೆ ಕಬ್ಬಿಣದ ಸರಳಿನ ಬೇಲಿ. ಹಳ್ಳದಾಚೆ, ನಿಮ್ಮ ಕಾಲ ಕೆಳಗೇ, ಕಮಾನಿನ ಕೋಣೆಗಳಿವೆ. ಅವು ಕಲ್ಲಿದ್ದಲಿನ ಉಗ್ರಾಣ. ಕಾಲುದಾರಿಯಲ್ಲಿ ತಟ್ಟೆಯಗಲದ ಕಬ್ಬಿಣದ ಮುಚ್ಚಳ ಕಾಣುತ್ತದಲ್ಲ, ಇದ್ದಲಿನವನು ಅದನ್ನು ತೆಗೆದು ಮೂಟೆ ಸುರಿಯುತ್ತಿದ್ದ. ಮನೆಯೊಳಗೆ ಕಾಲಿಡುವ ಹಾಗಿಲ್ಲ, ಮಸಿ ಬೀಳುತ್ತದೆ. ತೂತು ಕಿರಿದು, ಕಳ್ಳನೂ ನುಸುಳಲಾರ.

ನೆಲಮಟ್ಟದಲ್ಲಿ ಊಟದ ಕೋಣೆ. ಮೊದಲ ಮಹಡಿ ಅತಿಥಿಗಳಿಗೆ, ಅಲ್ಲಿಯೇ ಎತ್ತರದ ಚಾವಣಿ, ಅತಿ ಉದ್ದದ ಕಿಟಕಿ, ಗಾರೆಯ ಹೂಬಳ್ಳಿ. ಎರಡನೆಯದರಲ್ಲಿ ಮಲಗುವ ಕೋಣೆ. ಅಟ್ಟದಲ್ಲಿ ಕೆಲಸದವರು, ಮಕ್ಕಳು. ಬೀದಿಯಿಂದ ಕಿಟಕಿಯ ಉದ್ದ ನೋಡಿದರೇ ಒಳಗಿನವರ ಅಂತಸ್ತು ತಿಳಿಯುತ್ತದೆ, ಮೇಲೆ ಹೋದಂತೆ ಕಿಟಕಿ ಕುಳ್ಳಗಾಗುತ್ತದೆ. ಬಾಡಿಗೆ ಕಡಿಮೆಯೆಂದು ನಾನು ಎರಡು ವರ್ಷ ಅಂಥ ಅಟ್ಟದಲ್ಲಿದ್ದೆ. ಬೀದಿಬಾಗಿಲಿಂದ ಎಪ್ಪತ್ತೊಂದು ಮೆಟ್ಟಿಲು. ಮೊದಲ ಮಹಡಿಯವರೆಗೆ ಅಗಲ, ನಯವಾದ ಹಿಡಿಪಟ್ಟಿ. ಆಮೇಲೆ ಮೆಟ್ಟಿಲು ಕಿರಿದಾಗುತ್ತಾ ಕಡಿದಾಗುತ್ತಾ ಹೋಗಿ, ಕೊನೆಯ ಹನ್ನೆರಡಕ್ಕೆ ಬರೀ ಒಂದು ಹಲಗೆ ಆಸರೆ. ನಾನು ಹತ್ತಿಸುತ್ತಿದ್ದುದು ತರಕಾರಿ ಚೀಲ. ಇನ್ನೂರು ವರ್ಷದ ಹಿಂದಿನ ಹುಡುಗಿ ಅದೇ ಮೆಟ್ಟಿಲಲ್ಲಿ ಇದ್ದಲು, ಬಿಸಿನೀರು ಹೊತ್ತು ಹತ್ತಿ, ಬೂದಿ, ಮೂತ್ರದ ಪಾತ್ರೆ ಹಿಡಿದು ಇಳಿಯುತ್ತಿದ್ದಳು. ನೀರಾದರೂ ಕಂಪನಿಯವರು ಮರದ ಕೊಳವೆಗಳಲ್ಲಿ ವಾರಕ್ಕೆ ಕೆಲವೇ ಸಲ ಬಿಡುತ್ತಿದ್ದದ್ದು. ಸೀಸದ ತೊಟ್ಟಿಯಲ್ಲಿ ತುಂಬಿಟ್ಟುಕೊಳ್ಳಬೇಕು.

ಪ್ರಶ್ನೆ: ಇಂಗ್ಲೆಂಡ್ ಪ್ರವಾಸದಲ್ಲಿ ಬಾತ್ ಊರಿಗೆ ಒಂದು ದಿನವಿದೆ. ರಾಯಲ್ ಕ್ರೆಸೆಂಟ್‌ನಲ್ಲಿ ಏನು ನೋಡಬೇಕು?

ಮುಂದೆ ಫೋಟೊ ತೆಗೆದುಕೊಂಡು ಸೀದಾ ಹಿಂದಕ್ಕೆ ಹೋಗಿ.

ಮುಂದೆ ಇರುವುದು ಕಿರಿಯ ಜಾನ್ ವುಡ್ 1767ರಲ್ಲಿ ಶುರು ಮಾಡಿದ ಅರ್ಧಚಂದ್ರ: 30 ಮನೆ, 114 ಕಂಬ, ಜೇನುಬಣ್ಣದ ಕಲ್ಲು, ಒಂದೇ ಅರಮನೆಯ ಹಾಗೆ. ವುಡ್ ರೂಪಿಸಿದ್ದು ಆ ಮುಖ ಮಾತ್ರ. ಕೊಂಡವರು ತಮ್ಮ ಪಾಲಿನಷ್ಟು ಮುಖ ಹಿಡಿದು, ಹಿಂದೆ ಬೇಕಾದವರಿಂದ ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡರು. ಹಿಂದಿನ ಓಣಿಯಲ್ಲಿ ನಿಂತು ನೋಡಿ, ಒಂದು ಮನೆ ಎತ್ತರ, ಒಂದು ಗಿಡ್ಡ, ಒಂದು ಮುಂದೆ ಚಾಚಿದೆ, ಕಿಟಕಿಗೂ ಕಿಟಕಿಗೂ ಹೊಂದಾಣಿಕೆಯಿಲ್ಲ. ನನಗೆ ಆ ಹಿಂಬದಿಯೇ ಇಷ್ಟ. ಮುಂದೆ ಇದ್ದದ್ದು ಊರಿನ ಮರ್ಯಾದೆ, ಹಿಂದೆ ಇರುವುದು ಸಂಸಾರ.

ಮುಂದೆ 22ನೇ ನಂಬರಿನ ಹಳದಿ ಬಾಗಿಲನ್ನೂ ಗಮನಿಸಿ. ಉಳಿದವೆಲ್ಲ ಬಿಳಿ. 1970ರ ದಶಕದಲ್ಲಿ ಮನೆಯೊಡತಿ ಹಳದಿ ಬಳಿಸಿದಾಗ ನಗರಾಡಳಿತ ಬದಲಿಸಿ ಎಂದಿತು, ಆಕೆ ಒಪ್ಪಲಿಲ್ಲ, ವಿಚಾರಣೆ ನಡೆದು ಆಕೆಯೇ ಗೆದ್ದರು. 1ನೇ ನಂಬರಿನ ಮನೆ ಮ್ಯೂಸಿಯಂ ಆಗಿದೆ, ಟಿಕೆಟ್ ಕೊಟ್ಟು ಒಳಗೆ ಹೋಗಿ. ಅಲ್ಲಿಯೂ ಮೊದಲು ಅಡುಗೆಮನೆಗೆ ಇಳಿಯಿರಿ.

ಪ್ರಶ್ನೆ: ನಮ್ಮವರು ಯಾರಾದರೂ ಇಂಥ ಮನೆಯಲ್ಲಿ ಇದ್ದರೆ?

ರಾಜಾ ರಾಮಮೋಹನ ರಾಯರು. 1831ರಲ್ಲಿ ಇಂಗ್ಲೆಂಡಿಗೆ ಹೋದವರು ಲಂಡನ್ನಿನ ಬೆಡ್‌ಫರ್ಡ್ ಸ್ಕ್ವೇರ್‌ನ 49ನೇ ನಂಬರಿನಲ್ಲಿ ಇದ್ದರು, ನೀಲಿ ಫಲಕ ಇದೆ. ಆ ಚೌಕ 1775ರಿಂದ ಎದ್ದದ್ದು, ನಾಲ್ಕೂ ಬದಿ ಇಂದಿಗೂ ಅಖಂಡವಾಗಿ ಉಳಿದಿರುವುದು ಅಪರೂಪ. ಬಾಗಿಲ ಸುತ್ತಲಿನ ಅಲಂಕಾರ ಕಲ್ಲಿನದೆಂದು ಕಾಣುತ್ತದೆ, ಕಲ್ಲಲ್ಲ. ಎಲೀನರ್ ಕೋಡ್ ಎಂಬಾಕೆ ಲ್ಯಾಂಬೆತ್‌ನ ಕಾರ್ಖಾನೆಯಲ್ಲಿ ಜೇಡಿಮಣ್ಣು ಅಚ್ಚುಹಾಕಿ ಸುಟ್ಟು ಮಾಡಿಸಿದ ಸಾಮಾನು. ಇನ್ನೂರೈವತ್ತು ವರ್ಷದ ಮಳೆ ಅದನ್ನು ಏನೂ ಮಾಡಿಲ್ಲ.

ಪ್ರಶ್ನೆ: ಇನ್ನೂರು ವರ್ಷ ನಿಂತಿವೆ ಎಂದರೆ ಎಷ್ಟು ಗಟ್ಟಿ ಕೆಲಸ! ಈಗಿನವರಿಗೆ ಬರುತ್ತದೆಯೆ?

ಈ ಮಾತು ಕೇಳಿದಾಗಲೆಲ್ಲ ನಗು ಬರುತ್ತದೆ. ಗುತ್ತಿಗೆ 99 ವರ್ಷ ಎಂದೆನಲ್ಲ, ನೂರನೆಯ ವರ್ಷದ ಚಿಂತೆ ಕಟ್ಟುವವನಿಗೆ ಯಾಕೆ?

ಮುಂಗೋಡೆಯ ಹೊರಮೈಗೆ ಒಳ್ಳೆಯ ಇಟ್ಟಿಗೆ ಅರ್ಧ ಇಟ್ಟಿಗೆ ದಪ್ಪ ಮಾತ್ರ, ಒಳಗೆಲ್ಲ ಅರೆಬೆಂದ ಅಗ್ಗದ ಮಾಲು. ಹೊರಗಿನ ಸಂದು ಸಣ್ಣದು, ಒಳಗಿನದು ದಪ್ಪ, ಹಾಗಾಗಿ ಒಳಗಿನ, ಹೊರಗಿನ ಇಟ್ಟಿಗೆ ಸಾಲುಗಳು ಒಂದೇ ಮಟ್ಟಕ್ಕೆ ಬರುವುದಿಲ್ಲ. ಬಂದ ಕಡೆ ಮಾತ್ರ ಒಂದು ಅಡ್ಡ ಇಟ್ಟಿಗೆ ಎರಡನ್ನೂ ಹಿಡಿದಿರುತ್ತದೆ. ಉಳಿದ ಕಡೆ ಇಟ್ಟಿಗೆಯನ್ನು ಅರ್ಧ ಮುರಿದು, ಅಡ್ಡ ಇಟ್ಟಿಗೆಯ ತಲೆ ಎಂಬಂತೆ ತೋರಿಸಿ ಅಂಟಿಸಿದ್ದಾರೆ. ಜೊತೆಗೆ ಗೋಡೆಯೊಳಗೆ ಹುದುಗಿಸಿದ ಮರದ ಪಟ್ಟಿ, ಅದು ತೇವಕ್ಕೆ ಕೊಳೆತು ಪುಡಿ. ನಿಧಾನವಾಗಿ ಹೊರಮೈ ಹೊಟ್ಟೆ ಬಿಡುತ್ತದೆ. ನಾವು ಸುತ್ತಿಗೆಯ ಹಿಡಿಯಿಂದ ಹಲಸಿನಹಣ್ಣು ತಟ್ಟಿದ ಹಾಗೆ ತಟ್ಟುತ್ತಾ ಹೋಗುತ್ತಿದ್ದೆವು. ಟಣ್ ಎಂದರೆ ಕ್ಷೇಮ, ಡಬ್ ಎಂದರೆ ಒಳಗೆ ಕೈ ಹೋಗುವಷ್ಟು ಖಾಲಿ. ಒಮ್ಮೆ ನನ್ನ ಕೈ ಮೊಣಕೈವರೆಗೆ ಹೋಯಿತು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಹುಟ್ಟಿದ್ದು ನಮ್ಮಲ್ಲೇ ಆದರೂ ಸಲ್ಲುವುದು ಅಲ್ಲಿ.

ಪ್ರಧಾನಿ ಇರುವ 10, ಡೌನಿಂಗ್ ಸ್ಟ್ರೀಟನ್ನೇ ನೋಡಿ. ಜಾರ್ಜ್ ಡೌನಿಂಗ್ 1680ರ ದಶಕದಲ್ಲಿ ಮೆತ್ತನೆಯ ನೆಲದ ಮೇಲೆ ಅಗ್ಗಕ್ಕೆ ಕಟ್ಟಿಸಿದ್ದು. ಇಟ್ಟಿಗೆಯ ಸಂದುಗಳು ಸಮವಾಗಿ ಕಾಣಲೆಂದು ಗೆರೆಗಳನ್ನು ಬಣ್ಣದಲ್ಲಿ ಬರೆಸಿದ್ದ! 1730ರ ದಶಕದಲ್ಲಿ ವಿಲಿಯಂ ಕೆಂಟ್ ಅದನ್ನು ಹಿಂದಿನ ದೊಡ್ಡ ಮನೆಗೆ ಸೇರಿಸಿ ಒಪ್ಪ ಮಾಡಿದ. 1960ರ ದಶಕದ ಆರಂಭದ ದುರಸ್ತಿಯಲ್ಲಿ ಗೋಡೆ ತೊಳೆದಾಗ ಗೊತ್ತಾಯಿತು, ಕಪ್ಪು ಎಂದು ಎಲ್ಲರೂ ತಿಳಿದಿದ್ದ ಇಟ್ಟಿಗೆ ಅಸಲು ಹಳದಿ. ಕಪ್ಪೆಲ್ಲ ಕಲ್ಲಿದ್ದಲಿನ ಹೊಗೆಯದು. ಜಗತ್ತಿಗೆ ಪರಿಚಯವಾದ ಮುಖ ಬದಲಾಗಬಾರದೆಂದು ಮತ್ತೆ ಕಪ್ಪು ಬಣ್ಣ ಬಳಿದರು.

ಹಾಗಾದರೆ ನಿಂತಿರುವುದು ಹೇಗೆ? ಒಂದನ್ನೊಂದು ಒರಗಿಕೊಂಡು. ಜೊತೆಗೆ ಸುಣ್ಣದ ಗಾರೆ, ಅದು ತುಸು ಬಾಗುತ್ತದೆ, ಬಿರುಕು ಬಿಟ್ಟರೆ ಮಳೆಯಲ್ಲಿ ತಾನೇ ಅಷ್ಟಿಷ್ಟು ಕೂಡಿಕೊಳ್ಳುತ್ತದೆ.

ಪ್ರಶ್ನೆ: ಬಾಗಿಲಿನ ಹಿತ್ತಾಳೆಯ ಕಾಗದದ ಕಿಂಡಿಯೂ ಜಾರ್ಜಿಯನ್ನೇ?

ಅಲ್ಲ. ಒಂದು ಪೆನ್ನಿಯ ಅಂಚೆ ಬಂದದ್ದು 1840ರಲ್ಲಿ, ಕಿಂಡಿ ಕೊರೆದದ್ದು ಅದಾದ ಮೇಲೆ. ಬಾಗಿಲ ಮೇಲಿನ ಬೀಸಣಿಗೆಯಾಕಾರದ ಗಾಜು ಮಾತ್ರ ಆ ಕಾಲದ್ದೇ, ಕತ್ತಲ ಪಡಸಾಲೆಗೆ ಅದೊಂದೇ ಬೆಳಕು.

ಪ್ರಶ್ನೆ: ಮಗಳು, ಅಳಿಯ ಲಂಡನ್ನಿನಲ್ಲಿ ಇಂಥ ಮನೆಯ ಒಂದು ಮಹಡಿ ಕೊಳ್ಳುವವರಿದ್ದಾರೆ. ನಿಮ್ಮ ಸಲಹೆ?

ಮೊದಲು ಗುತ್ತಿಗೆಯಲ್ಲಿ ಎಷ್ಟು ವರ್ಷ ಉಳಿದಿದೆ ಕೇಳಲಿ. ಅಲ್ಲಿ ಇಂದಿಗೂ ಮಹಡಿ ಕೊಳ್ಳುವುದೆಂದರೆ ಬಹುಪಾಲು ವರ್ಷಗಳನ್ನು ಕೊಳ್ಳುವುದು.

1700ರಿಂದ 1850ರ ನಡುವಿನ ಕಟ್ಟಡ ಮೂಲ ರೂಪದಲ್ಲೇ ಉಳಿದಿದ್ದರೆ ಸಾಮಾನ್ಯವಾಗಿ ಸಂರಕ್ಷಿತ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅನುಮತಿಯಿಲ್ಲದೆ ಒಳಗಿನ ಹಳೆಯ ಬಾಗಿಲು ಕಿತ್ತರೂ ಅಪರಾಧ, ದಂಡ ಕಟ್ಟಿ ಮುಗಿಯುವ ಮಾತಲ್ಲ, ಕೇಸು ಬೀಳುತ್ತದೆ. ಹಿಂದಿನ ಮಾಲೀಕ ಕದ್ದು ಮಾಡಿದ್ದನ್ನು ಸರಿಪಡಿಸುವ ಹೊಣೆಯೂ ಹೊಸಬರ ತಲೆಗೇ ಬರಬಹುದು. ಆದ್ದರಿಂದ ಕೊಳ್ಳುವ ಮೊದಲೇ ಹಳೆಯ ಮನೆ ಬಲ್ಲ ಸರ್ವೇಯರನ್ನು ಕರೆಯಲಿ. ನಡುಗೋಡೆಗೆ ಕೈಹಾಕುವುದಾದರೆ 1996ರ ಕಾನೂನಿನ ಪ್ರಕಾರ ಪಕ್ಕದವರಿಗೆ ಮೊದಲು ನೋಟಿಸು ಕೊಡಬೇಕು.

ಗೋಡೆಯ ಸಂದುಗಳಿಗೆ ಯಾರಾದರೂ ಸಿಮೆಂಟ್ ಮೆತ್ತಿದ್ದಾರೆಯೇ ನೋಡಲಿ. ಸುಣ್ಣದ ಗಾರೆಯ ಗೋಡೆ ಮಳೆ ಕುಡಿದು, ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟ್ ಬಾಯಿ ಹೊಲಿದರೆ ನೀರು ಇಟ್ಟಿಗೆಯೊಳಗೇ ಉಳಿದು, ಚಳಿಗೆ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವೇ ಚಕ್ಕೆಯಾಗಿ ಉದುರುತ್ತದೆ. ಚಕ್ಕೆ ಕಾಲುದಾರಿಯಲ್ಲಿ ಬಿದ್ದಿರುತ್ತದೆ, ಬಗ್ಗಿ ನೋಡಿದರೆ ಸಾಕು.

ಯಾವ ಮಹಡಿ ಎಂದು ನೀವು ಬರೆದಿಲ್ಲ. ಮೊದಲನೆಯದಾದರೆ ಆ ಕಿಟಕಿಗಳ ಎದುರು ಕೂತು ಚಹಾ ಕುಡಿಯುವ ಭಾಗ್ಯ, ಜೊತೆಗೆ ಚಳಿಗಾಲದಲ್ಲಿ ಕಣ್ಣೀರು ತರಿಸುವ ಗ್ಯಾಸ್ ಬಿಲ್ಲು. ಅಟ್ಟವಾದರೆ, ನೀವು ಅಲ್ಲಿಗೆ ಬಾಣಂತನಕ್ಕೆ ಹೋಗುವವರಿದ್ದರೆ, ನಿಮ್ಮ ಮೊಣಕಾಲನ್ನೂ ಒಂದು ಮಾತು ಕೇಳಿಕೊಳ್ಳಿ.